ಹಳೇ ಮೊಬೈಲ್ ಬದಲಿಸಬೇಕಾ, ರಿಪೇರಿ ಸಾಕಾ? ದುಡ್ಡು ಬಿಚ್ಚುವ ಮುಂಚೆ ಹಂತ ಹಂತವಾಗಿ ನೋಡುವ ಬಗೆ

“ಅಣ್ಣಾರ, ಫೋನ್ ಭಾಳ ಸ್ಲೋ ಆಗೇತ್ರಿ. ಯಾವುದ್ ತಗೊಳ್ಳಲಿ?”

ವಿಜಯಪುರದಲ್ಲಿ ನನ್ನ ರಿಪೇರಿ ಟೇಬಲ್ಲಿನ ಮುಂದೆ ದಿನಕ್ಕೆ ನಾಲ್ಕು ಮಂದಿಯಾದರೂ ಹೀಗೆ ಕೇಳುತ್ತಾರೆ. ಯಾವ ಫೋನ್ ಅನ್ನುವುದು ಕೊನೆಗೆ ಕೇಳಬೇಕಾದ ಮಾತು. ಅದಕ್ಕೂ ಮೊದಲು ಕೈಯಲ್ಲಿರುವ ಫೋನಿನಲ್ಲಿ ಕೆಟ್ಟಿರುವುದು ಏನು ಅಂತ ಗೊತ್ತಾಗಬೇಕು.

ತಿಕೋಟಾ ಕಡೆಯ ಒಬ್ಬ ರೈತರು 1,400 ರೂಪಾಯಿ ಕೊಟ್ಟು ಬ್ಯಾಟರಿ ಹಾಕಿಸಿಕೊಂಡು ಹೋದರು. ತಿಂಗಳು ಕಳೆಯುವುದರೊಳಗೆ ಬ್ಯಾಂಕಿನ ಆ್ಯಪ್ “ಈ ಆಂಡ್ರಾಯ್ಡ್ ಹಳೆಯದು” ಎಂದು ಬಾಗಿಲು ಹಾಕಿತು. ಕಂಪನಿಯ ಅಪ್‌ಡೇಟ್ ಕೊನೆಗೆ ಬಂದ ತಾರೀಖು ನೋಡದೆ ಬ್ಯಾಟರಿ ಹಾಕಿದ್ದು ಅವರ ತಪ್ಪಲ್ಲ, ನನ್ನ ತಪ್ಪು. ಇನ್ನೊಬ್ಬ ಹುಡುಗ, ಪಿಎಸ್‌ಐ ಪರೀಕ್ಷೆಗೆ ಓದುವವನು, ಫೋನ್ ಸ್ಲೋ ಅಂತ ಕಂತಿನ ಮೇಲೆ ಹೊಸದು ತಂದ. ಹಳೆಯದರಲ್ಲಿ 32 ಜಿಬಿ ಪೈಕಿ 300 ಎಂಬಿಯೂ ಖಾಲಿ ಇರಲಿಲ್ಲ, ಅಷ್ಟೇ. ಅದನ್ನು ಖಾಲಿ ಮಾಡಿಕೊಟ್ಟೆ. ಈಗ ಅವನ ತಮ್ಮ ಅದೇ ಫೋನಿನಲ್ಲಿ ಕ್ಲಾಸ್ ಕೇಳುತ್ತಾನೆ, ಅಣ್ಣ ಕಂತು ಕಟ್ಟುತ್ತಾನೆ.

ಇಬ್ಬರೂ ನೋಡಬೇಕಾದ್ದನ್ನು ಹಿಂದೆಮುಂದೆ ಮಾಡಿಕೊಂಡರು. ಹಾಗಾಗಿ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಮೊದಲು ತಾರೀಖು, ಆಮೇಲೆ ಜಾಗ, ಆಮೇಲೆ ಬ್ಯಾಟರಿ, ಕೊನೆಗೆ ದುಡ್ಡಿನ ಲೆಕ್ಕ.

ಬೇಕಾಗುವ ಸಾಮಾನು

ಒಂದು ಸಂಜೆ, ಒಂದು ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಒಂದು ತಾಸು ಸಮಯ. ಮನೆಯಲ್ಲಿ ಇನ್ನೊಬ್ಬರ ಫೋನ್, ಅದರ ಚಾರ್ಜರ್ ಮತ್ತು ಕೇಬಲ್. ಸಿಮ್ ತೆಗೆಯುವ ಪಿನ್ನು, ಹಲ್ಲುಕಡ್ಡಿ (ಕಟ್ಟಿಗೆಯದೇ ಆಗಬೇಕು), ನೋಟ್‌ಬುಕ್ಕು, ಪೆನ್ನು. ಯಾವ ಆ್ಯಪನ್ನೂ ಹೊಸದಾಗಿ ಹಾಕಿಕೊಳ್ಳಬೇಕಾಗಿಲ್ಲ. ‘ಬೂಸ್ಟರ್’, ‘ಕ್ಲೀನರ್’ ಅಂತ ಸಿಗುವ ಆ್ಯಪ್‌ಗಳಂತೂ ಬೇಡವೇ ಬೇಡ. ಅವು ಜಾಹೀರಾತು ತೋರಿಸುತ್ತಾ ಆ್ಯಪ್‌ಗಳು ಓಡಲು ಬೇಕಾದ ಇದ್ದಬದ್ದ ರ‍್ಯಾಮನ್ನೂ ತಿನ್ನುತ್ತವೆ.

ಇದು ಕಂಡರೆ ಉಳಿದದ್ದೆಲ್ಲ ಬಿಡಿ

ಫೋನಿನ ಕವರ್ ತೆಗೆದು, ಸಪಾಟಾದ ಗಾಜಿನ ಮೇಲೋ ಕಡಪಾ ಕಲ್ಲಿನ ಮೇಲೋ ಅಂಗಾತ ಇಟ್ಟು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಬುಗರಿಯ ಹಾಗೆ ಗಿರಕಿ ಹೊಡೆದರೆ ಹಿಂಭಾಗ ಉಬ್ಬಿದೆ ಎಂದರ್ಥ. ಕ್ಯಾಮೆರಾದ ಉಬ್ಬು ಅಡ್ಡ ಬರುವ ಫೋನಾದರೆ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ: ಪರದೆಯೋ ಹಿಂಬದಿಯೋ ಒಂದು ಕಡೆ ಎದ್ದಿದೆಯಾ, ಸಂದಿನಲ್ಲಿ ಬೆಳಕು ಕಾಣುತ್ತಿದೆಯಾ?

ಉಬ್ಬಿದ್ದರೆ ಚಾರ್ಜಿಗೆ ಹಾಕುವುದನ್ನು ಆ ಕ್ಷಣವೇ ನಿಲ್ಲಿಸಿ. ಒತ್ತಿ ಕೂರಿಸಬೇಡಿ, ಸೂಜಿ ಚುಚ್ಚಿ ಗಾಳಿ ಬಿಡಿಸಬೇಡಿ. ಒಳಗಿರುವುದು ಬೆಂಕಿ ಹಿಡಿಯುವ ಅನಿಲ. ಇಂಥ ಫೋನನ್ನು ದಿಂಬಿನ ಕೆಳಗಿಟ್ಟು ಮಲಗುವವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಸ್ವಿಚ್ ಆಫ್ ಮಾಡಿ, ಹತ್ತಿಕೊಳ್ಳುವ ವಸ್ತುಗಳಿಂದ ದೂರ ಇಟ್ಟು, ಬ್ಯಾಟರಿ ತೆಗೆಸಿದ ಮೇಲೆಯೇ ಮುಂದಿನ ಮಾತು.

ಹಂತ 1: ಒಳಗಿರುವುದನ್ನು ಮೊದಲು ಹೊರಗೆ ತೆಗೆದಿಡಿ

ಹಳೇ ಫೋನು ಪರೀಕ್ಷೆ ಮಾಡುವಾಗಲೇ ಸಾಯಬಹುದು. ಫೋಟೋ, ಕಾಂಟ್ಯಾಕ್ಟ್, ವಾಟ್ಸಾಪ್ ಮೂರನ್ನೂ ಈ ಸಂಜೆಯೇ ಕಾಪಾಡಿಕೊಳ್ಳಿ.

ಕಾಂಟ್ಯಾಕ್ಟ್‌ಗಳು ಸಿಮ್‌ನಲ್ಲಿವೆಯೋ, ಫೋನಿನಲ್ಲಿವೆಯೋ, ಗೂಗಲ್ ಖಾತೆಯಲ್ಲಿವೆಯೋ ನೋಡಿ. ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಇವತ್ತಿನ ತಾರೀಖು ಬೀಳುವಂತೆ ಮಾಡಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲೇ ಮೇಲ್, ಫೋಟೋ, ವಾಟ್ಸಾಪ್ ಬ್ಯಾಕಪ್ ಎಲ್ಲ ಕೂರಬೇಕು. ತುಂಬಿದ್ದರೆ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಕೇಬಲ್ ಹಾಕಿ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಇನ್ನೊಂದು ಕೆಲಸ: ಗೂಗಲ್ ಖಾತೆಯ ಐಡಿ, ಪಾಸ್‌ವರ್ಡ್ ನೆನಪಿದೆಯಾ? “ಅಂಗಡಿಯವರೇ ಹಾಕಿಕೊಟ್ಟಿದ್ರು” ಅನ್ನುವುದಾದರೆ ಈಗಲೇ ಪಾಸ್‌ವರ್ಡ್ ಬದಲಿಸಿ, ನೋಟ್‌ಬುಕ್ಕಿನಲ್ಲಿ ಬರೆದು ಕಪಾಟಿನಲ್ಲಿಡಿ. ಇದನ್ನು ಬಿಟ್ಟು ರೀಸೆಟ್ (ಒಳಗಿರುವುದನ್ನೆಲ್ಲ ಅಳಿಸುವುದು) ಹೊಡೆದವರ ಫೋನು ಹಳೇ ಖಾತೆ ಕೇಳುತ್ತಾ ಕೂರುತ್ತದೆ. ಅದು ಕಳ್ಳರನ್ನು ತಡೆಯಲು ಇಟ್ಟ ಬೀಗ. ಪಾಸ್‌ವರ್ಡ್ ಮರೆತ ಮಾಲೀಕನಿಗೂ ಅದು ತೆರೆಯುವುದಿಲ್ಲ.

ಹಂತ 2: ತಾರೀಖು ನೋಡಿ

ಔಷಧಿ ಪಟ್ಟಿಯ ಮೇಲೆ ಇರುವ ಹಾಗೆ ಫೋನಿಗೂ ಒಂದು ತಾರೀಖು ಇದೆ: ಕಂಪನಿ ಸುರಕ್ಷತೆಯ ಅಪ್‌ಡೇಟ್ ಕೊನೆಗೆ ಕಳಿಸಿದ್ದು ಯಾವಾಗ ಅನ್ನುವುದು. ಸೆಟ್ಟಿಂಗ್ಸ್ ತೆರೆದು ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಒತ್ತಿ. ‘ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್’ ಎಂಬುದರ ಮುಂದಿರುವ ತಾರೀಖನ್ನು ಬರೆದುಕೊಳ್ಳಿ. ಕೆಲವು ಫೋನುಗಳಲ್ಲಿ ಇದು ‘ಸೆಕ್ಯುರಿಟಿ’ ಎಂಬ ಪುಟದಲ್ಲಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಅದೇ ಹೆಸರು ಹೊಡೆಯಿರಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಹತ್ತಿರದಲ್ಲೇ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಎಂದು ಇನ್ನೊಂದು ತಾರೀಖು ಇರುತ್ತದೆ. ಅದನ್ನು ಗೂಗಲ್ ಬೇರೆ ದಾರಿಯಲ್ಲಿ ಕಳಿಸುತ್ತದೆ, ಕಂಪನಿ ಫೋನನ್ನು ಕೈಬಿಟ್ಟ ಮೇಲೂ ಅದು ಮುಂದೆ ಸರಿಯುತ್ತಿರಬಹುದು. ಅದನ್ನು ನೋಡಿ “ಅಪ್‌ಡೇಟ್ ಬರ್ತದ್ರಿ” ಅನ್ನಬೇಡಿ. ನಮಗೆ ಬೇಕಾದ್ದು ಮೊದಲಿನದು.

ತಾರೀಖು ಆರು ತಿಂಗಳೊಳಗಿನದಾದರೆ ಕಂಪನಿ ಇನ್ನೂ ಈ ಫೋನನ್ನು ನೋಡಿಕೊಳ್ಳುತ್ತಿದೆ. ಆರು ತಿಂಗಳಿಂದ ವರ್ಷದೊಳಗೆ ಇದ್ದರೆ ಅನುಮಾನ. ವೈಫೈ ಹಾಕಿ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಿ ನೋಡಿ, ಎಷ್ಟೋ ಜನರ ಫೋನಿನಲ್ಲಿ ಅಪ್‌ಡೇಟ್ ಬಂದು ಜಾಗ ಸಾಲದೆ ನಿಂತಿರುತ್ತದೆ. ವರ್ಷ ದಾಟಿದ್ದರೆ ಆ ಫೋನಿಗೆ ದೊಡ್ಡ ರಿಪೇರಿ ಮಾಡಿಸುವ ಮುಂಚೆ ಎರಡು ಸಲ ಯೋಚಿಸಿ. ಇವು ನನ್ನ ಅಂದಾಜಿನ ಗಡಿಗಳು, ಕಾನೂನಲ್ಲ.

ಇನ್ನೆಷ್ಟು ತಿಂಗಳು ಅಪ್‌ಡೇಟ್ ಬರುತ್ತದೆ ಎಂದು ತಿಳಿಯಲು ಕಂಪನಿಯ ವೆಬ್‌ಸೈಟಿಗೆ ಹೋಗಿ. ಸ್ಯಾಮ್‌ಸಂಗ್ ಯಾವ ಮಾಡೆಲಿಗೆ ತಿಂಗಳಿಗೊಮ್ಮೆ, ಯಾವುದಕ್ಕೆ ಮೂರು ತಿಂಗಳಿಗೊಮ್ಮೆ ಅಪ್‌ಡೇಟ್ ಎಂದು ಪಟ್ಟಿ ಹಾಕುತ್ತದೆ. ಶಿಯೋಮಿ ಅಪ್‌ಡೇಟ್ ನಿಲ್ಲಿಸಿದ ಮಾಡೆಲ್‌ಗಳ ಪಟ್ಟಿ ಕೊಡುತ್ತದೆ. ನಿಮ್ಮ ಮಾಡೆಲ್ ಹೆಸರನ್ನು ಅಬೌಟ್ ಫೋನ್‌ನಲ್ಲಿರುವ ಹಾಗೇ ಅಕ್ಷರಕ್ಷರ ಹೊಂದಿಸಿ ನೋಡಿ. 4ಜಿ ಮತ್ತು 5ಜಿ ಎರಡೂ ಇದ್ದಾಗ ಹೆಸರು ಒಂದೇ ಇದ್ದರೂ ಅಪ್‌ಡೇಟ್ ಆಯುಷ್ಯ ಬೇರೆ ಇರಬಹುದು.

ತಾರೀಖು ಮುಗಿದ ಫೋನು ಮರುದಿನ ನಿಲ್ಲುವುದಿಲ್ಲ. 2025ರಲ್ಲೂ ವಾಟ್ಸಾಪ್ ಆಂಡ್ರಾಯ್ಡ್ 5.0ರಿಂದ ಮೇಲಿನದಕ್ಕೆ ನಡೆಯುತ್ತಿತ್ತು. ಐಫೋನಾದರೆ ಐಓಎಸ್ 15.1 ಬೇಕಾಗಿತ್ತು. ಮೊದಲು ಮುನಿಸಿಕೊಳ್ಳುವುದು ಬ್ಯಾಂಕ್ ಆ್ಯಪ್‌ಗಳು. ಹಾಗೆಯೇ, ಹೊಸ ಫೋನ್ ತಂದ ಮಾತ್ರಕ್ಕೆ ಕಾವಲು ಬಂತೆಂದೂ ಅಲ್ಲ. ಮದುವೆ ಕಾರ್ಡು, ಗಾಡಿಯ ದಂಡದ ಚಲನ್ ಅಂತ ವಾಟ್ಸಾಪ್‌ನಲ್ಲಿ ಬರುವ ಎಪಿಕೆ (ಆ್ಯಪ್ ಹಾಕುವ) ಫೈಲನ್ನು ನೀವೇ ಒತ್ತಿ ಹಾಕಿಕೊಂಡರೆ ನಿನ್ನೆ ಬಂದ ಅಪ್‌ಡೇಟೂ ಕಾಯುವುದಿಲ್ಲ. ಹಾಗೆ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹಂತ 3: ನಿಧಾನ ಆಗಿರುವುದು ಫೋನೋ, ನೆಟ್ಟೋ, ಜಾಗವೋ

ಡೇಟಾ ಆಫ್ ಮಾಡಿ. ಗ್ಯಾಲರಿ ತೆರೆಯಿರಿ, ಡಯಲರ್ ತೆರೆಯಿರಿ, ಕ್ಯಾಮೆರಾ ತೆರೆಯಿರಿ. ಇವು ಸರಸರ ತೆರೆದರೆ ಫೋನು ನಿಧಾನವಿಲ್ಲ, ನೆಟ್‌ವರ್ಕ್ ನಿಧಾನ. ಖಾತ್ರಿಗೆ ನಿಮ್ಮ ಸಿಮ್ಮನ್ನು ಮನೆಯ ಇನ್ನೊಂದು ಫೋನಿಗೆ ಹಾಕಿ, ಅದೇ ಜಾಗದಲ್ಲಿ ನಿಂತು, ಅದೇ ವಿಡಿಯೋ ಹಚ್ಚಿ. ಅಲ್ಲೂ ತಿರುಗುತ್ತಲೇ ಇದ್ದರೆ ಹೊಸ ಫೋನ್ ತಂದರೂ ತಿರುಗುತ್ತಲೇ ಇರುತ್ತದೆ. ಇಂಡಿ, ಸಿಂದಗಿ ಕಡೆಯ ಹೊಲದ ಮನೆಗಳಿಂದ ಬರುವವರಿಗೆ ನಾನು ಮೊದಲು ಮಾಡಿಸುವುದೇ ಇದನ್ನು.

ಡೇಟಾ ಇಲ್ಲದೆಯೂ ತಡವರಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. ಒಟ್ಟು ಜಾಗದಲ್ಲಿ ಶೇ. 15ರಷ್ಟಾದರೂ ಖಾಲಿ ಇರಬೇಕು. 64 ಜಿಬಿ ಫೋನಿಗೆ ಸುಮಾರು 10 ಜಿಬಿ. ಫೋನಿನ ಮೆಮೊರಿ ಹಳೆಯದನ್ನು ಒರೆಸಿಯೇ ಹೊಸದನ್ನು ಬರೆಯುವಂಥದ್ದು. ಖಾಲಿ ಜಾಗ ಇಲ್ಲದಿದ್ದರೆ ಪ್ರತಿ ಸಲವೂ ಅದನ್ನು ಇಲ್ಲಿಂದಲ್ಲಿಗೆ ಸರಿಸಿ, ಒರೆಸಿ, ಆಮೇಲೆ ಬರೆಯಬೇಕು. ಕಾಳು ತುಂಬಿದ ಕೋಣೆಯಲ್ಲಿ ಒಂದು ಚೀಲ ಆಚೀಚೆ ಮಾಡಬೇಕೆಂದರೆ ನಾಲ್ಕು ಚೀಲ ಹೊರಗಿಡಬೇಕಲ್ಲ, ಹಾಗೆ.

ಖಾಲಿ ಮಾಡುವ ಕ್ರಮ ಹೀಗಿರಲಿ. ಮೊದಲು ವಾಟ್ಸಾಪ್: ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಯಾವ ಗುಂಪು ಎಷ್ಟು ತಿಂದಿದೆ ಅಲ್ಲಿ ಬರುತ್ತದೆ. ಶುಭೋದಯದ ಹೂವು, ದೇವರ ಫೋಟೋ, ಒಂದೇ ಜಾತ್ರೆಯ ರೀಲು ಐದು ಗುಂಪಿನಿಂದ ಐದು ಸಲ. ಬೀಗರ ಗುಂಪಿನಿಂದಲೇ 6 ಜಿಬಿ ಬಿಡಿಸಿದ್ದೂ ಇದೆ. ಅಲ್ಲೇ ಚಾಟ್ಸ್ ಸೆಟ್ಟಿಂಗ್‌ನಲ್ಲಿ ಮೀಡಿಯಾ ವಿಸಿಬಿಲಿಟಿ, ಡೇಟಾ ಪುಟದಲ್ಲಿ ಆಟೋ ಡೌನ್‌ಲೋಡ್ ಎರಡನ್ನೂ ಆಫ್ ಮಾಡಿ. ಇಲ್ಲವೆಂದರೆ ಎರಡು ತಿಂಗಳಿಗೆ ಮತ್ತೆ ತುಂಬುತ್ತದೆ. ಆಮೇಲೆ ಯೂಟ್ಯೂಬ್ ಮತ್ತು ಓದುವ ಆ್ಯಪ್‌ಗಳಲ್ಲಿ ಇಳಿಸಿಟ್ಟ ಕ್ಲಾಸುಗಳು. ಆಮೇಲೆ ಆರು ತಿಂಗಳಿಂದ ಮುಟ್ಟದ ಆ್ಯಪ್‌ಗಳು. ಕೊನೆಗೆ ಗ್ಯಾಲರಿಯ ಡಿಲೀಟ್ ಬುಟ್ಟಿ: ಅದನ್ನು ಖಾಲಿ ಮಾಡದಿದ್ದರೆ ಅಳಿಸಿದ ಫೋಟೋ ಸುಮಾರು ತಿಂಗಳ ಕಾಲ ಒಳಗೇ ಕೂತಿರುತ್ತದೆ.

ಮೆಮೊರಿ ಕಾರ್ಡ್ ಹಾಕುವುದಾದರೆ ಫೋಟೋಕ್ಕೆ ಮಾತ್ರ. ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ 512 ಜಿಬಿ ಕಾರ್ಡು ನಿಜಕ್ಕೂ 8 ಜಿಬಿಯೋ 16 ಜಿಬಿಯೋ ಇರುತ್ತದೆ, ಅಷ್ಟು ತುಂಬಿದ ಮೇಲೆ ಹೊಸ ಫೋಟೋ ಹಳೆಯದರ ಮೇಲೆ ಕೂರುತ್ತದೆ. ಮಗಳ ಮದುವೆಯ ಫೋಟೋ ಹಾಗೆ ಕಳಕೊಂಡವರು ನನ್ನ ಮುಂದೆ ಅತ್ತಿದ್ದಾರೆ.

ಜಾಗ ಮಾಡಿದ ಮೇಲೂ ನಿಧಾನವಾದರೆ ಸೇಫ್ ಮೋಡ್. ಪವರ್ ಬಟನ್ ಒತ್ತಿ ಹಿಡಿದಾಗ ಬರುವ ‘ಪವರ್ ಆಫ್’ ಎಂಬುದನ್ನೇ ಒತ್ತಿ ಹಿಡಿಯಿರಿ; ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ ಸೇಫ್ ಮೋಡ್ ಕೇಳುತ್ತದೆ. ಇದರಲ್ಲಿ ನೀವು ಹಾಕಿಕೊಂಡ ಆ್ಯಪ್ ಯಾವುದೂ ಓಡುವುದಿಲ್ಲ. ಈಗ ಫೋನ್ ಚುರುಕಾದರೆ ತಪ್ಪು ಯಾವುದೋ ಆ್ಯಪಿನದು; ಇತ್ತೀಚೆಗೆ ಹಾಕಿದ್ದನ್ನು ಒಂದೊಂದಾಗಿ ತೆಗೆಯಿರಿ.

ಕಟ್ಟಕಡೆಯದು ಫ್ಯಾಕ್ಟರಿ ರೀಸೆಟ್, ಅದೂ ಹಂತ 1 ಮುಗಿದಿದ್ದರೆ ಮಾತ್ರ. ರೀಸೆಟ್ ಆಗಿ ಒಂದು ವಾರ ಚೆನ್ನಾಗಿದ್ದು ಮತ್ತೆ ಮೊದಲಿನಂತಾದರೆ ರ‍್ಯಾಮ್ ಸಾಲುತ್ತಿಲ್ಲ. 2 ಅಥವಾ 3 ಜಿಬಿ ರ‍್ಯಾಮಿನ ಫೋನಿನಲ್ಲಿ ಇವತ್ತಿನ ಆ್ಯಪ್‌ಗಳು ಒಂದನ್ನೊಂದು ಹೊರಗೆ ದಬ್ಬುತ್ತವೆ. ಫೋನ್‌ಪೇಯಿಂದ ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ಫೋನ್‌ಪೇ ಮತ್ತೆ ಮೊದಲಿಂದ ತೆರೆಯುತ್ತಿದೆಯಾ? ಅದೇ ಗುರುತು. ಇದಕ್ಕೆ ರಿಪೇರಿ ಇಲ್ಲ.

ಹಂತ 4: ಬ್ಯಾಟರಿಯನ್ನು ರಾತ್ರಿ ಪರೀಕ್ಷಿಸಿ

ರಾತ್ರಿ ಯಾಕೆಂದರೆ ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಐಫೋನನ್ನು 0ರಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಬೈಕಿನ ಹೋಲ್ಡರಿನಲ್ಲಿ, ಟ್ರ್ಯಾಕ್ಟರಿನ ಮುಂದೆ ಬಿಸಿಲಿಗಿಟ್ಟ ಫೋನು ಪರದೆ ಮಂಕಾಗಿಸಿ, ಚಾರ್ಜ್ ನಿಲ್ಲಿಸಿದರೆ ಅದು ಕೆಟ್ಟಿಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ನೆರಳಿಗೆ ತಂದಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಬೆವರುತ್ತದೆ.

ರಾತ್ರಿ ಹತ್ತಕ್ಕೆ ಶೇ. 100 ಚಾರ್ಜ್ ಮಾಡಿ, ಫ್ಲೈಟ್ ಮೋಡ್ ಹಾಕಿ, ವೈಫೈ, ಬ್ಲೂಟೂತ್ ಆಫ್ ಇದೆಯೆಂದು ನೋಡಿಕೊಂಡು ಮಲಗಿ. ಬೆಳಿಗ್ಗೆ ಆರಕ್ಕೆ ಎರಡು ಮೂರು ಇಳಿದಿದ್ದರೆ ಬ್ಯಾಟರಿ ಸುಮ್ಮನಿದ್ದಾಗ ಚೆನ್ನಾಗಿದೆ. ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಬ್ಯಾಟರಿ ದಣಿದಿದೆ, ಇಲ್ಲವೇ ಬೋರ್ಡಿನಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಎರಡನೆಯದಾದರೆ ಹೊಸ ಬ್ಯಾಟರಿ ಹಾಕಿದರೂ ಅದೇ ಹಾಡು. ಹಾಗಾಗಿ ಬ್ಯಾಟರಿ ಬದಲಿಸುವವರಿಗೆ ಈ ರಾತ್ರಿಯ ಲೆಕ್ಕವನ್ನು ಮೊದಲೇ ಹೇಳಿ.

ಬೆಳಿಗ್ಗೆ ಅರ್ಧ ತಾಸು ಕ್ಯಾಮೆರಾದಲ್ಲಿ ವಿಡಿಯೋ ಹಿಡಿಯಿರಿ, ಆಮೇಲೆ ಅದನ್ನೇ ಓಡಿಸಿ ನೋಡಿ. ಶೇ. 30 ತೋರಿಸುತ್ತಿದ್ದಾಗಲೇ ಫೋನು ತಟ್ಟನೆ ಆಫ್ ಆಗಿ, ಚಾರ್ಜರ್ ಹಾಕಿದ ಕೂಡಲೇ ಮತ್ತೆ 25 ತೋರಿಸಿದರೆ ಅದು ಖಂಡಿತ ಹಳೇ ಬ್ಯಾಟರಿ: ಕೆಲಸ ಹೆಚ್ಚಾದಾಗ ಅದಕ್ಕೆ ಅಷ್ಟು ಕರೆಂಟನ್ನು ಒಮ್ಮೆಲೇ ಕೊಡಲು ಆಗುತ್ತಿಲ್ಲ. ಇದಕ್ಕೆ ಬ್ಯಾಟರಿ ಬದಲಾವಣೆ ಒಳ್ಳೆಯ ಮದ್ದು. ಐಫೋನಿನಲ್ಲಿ ಬ್ಯಾಟರಿ ಹೆಲ್ತ್ ಎಂದು ಶೇಕಡಾವಾರೇ ತೋರಿಸುತ್ತದೆ. 80ಕ್ಕಿಂತ ಕೆಳಗೆ ಬಂದರೆ ಬದಲಿಸುವ ಸಮಯ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪಿನೊಳಗೆ ಪರೀಕ್ಷೆ ಇದೆ.

ಹಂತ 5: ಪೋರ್ಟು, ಪರದೆ, ಮೈಕು

ಚಾರ್ಜ್ ನಿಧಾನವೆಂದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಚಾರ್ಜರ್, ಆಮೇಲೆ ಪೋರ್ಟು (ಕೇಬಲ್ ಚುಚ್ಚುವ ತೂತು) ನೋಡಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆ ಮಗ್ಗದ ಮನೆಗಳಿಂದ ಬರುವ ಫೋನುಗಳಲ್ಲಿ ಪೋರ್ಟಿನ ತಳಕ್ಕೆ ನೂಲಿನ ಎಳೆ ಜಜ್ಜಿ ಜಜ್ಜಿ ಕಂಬಳಿಯಂತಾಗಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಅರ್ಧ ಮಿಲಿಮೀಟರ್ ಹೊರಗೆ ನಿಂತಿದ್ದರೆ ಇದೇ ಕಾರಣ. ಫೋನ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಬೇಡ. ಒಳಗಿನ ಲೋಹದ ಕಡ್ಡಿ ಬಾಗಿದರೆ ಪುಕ್ಕಟೆ ಕೆಲಸಕ್ಕೆ ದುಡ್ಡು ಬೀಳುತ್ತದೆ.

ಪರದೆಯ ಮೇಲೆ ಕೀಬೋರ್ಡ್ ತೆರೆದು ಎಲ್ಲ ಅಕ್ಷರ ಒತ್ತಿ. ಒಂದು ಆ್ಯಪಿನ ಚಿಹ್ನೆಯನ್ನು ಹಿಡಿದು ಮೂಲೆಯಿಂದ ಮೂಲೆಗೆ ಎಳೆಯಿರಿ. ನಡುವೆ ಎಲ್ಲಿ ಬಿಟ್ಟುಹೋಗುತ್ತದೋ ಅಲ್ಲಿ ಟಚ್ ಸತ್ತಿದೆ. ಹಸಿರು ಅಥವಾ ಗುಲಾಬಿ ಗೆರೆ ಮೂಡಿದ್ದರೆ ಅದು ತಾನಾಗಿ ಹೋಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಮೈಕಿಗೆ ವಾಯ್ಸ್ ಮೆಸೇಜ್ ಮಾಡಿ ಕೇಳಿ. ಬೆಳೆ ಸಮೀಕ್ಷೆ ಆ್ಯಪ್ ಬಳಸುವ ರೈತರು ಹೊಲದಲ್ಲಿ ನಿಂತು ಮ್ಯಾಪ್ ತೆರೆದು, ನೀಲಿ ಚುಕ್ಕೆ ನಿಮ್ಮ ಹೊಲದಲ್ಲಿದೆಯೋ ಪಕ್ಕದವರ ಹೊಲದಲ್ಲಿದೆಯೋ ನೋಡಿ.

ಹಂತ 6: ತಿಂಗಳಿಗೆ ಎಷ್ಟು ಬೀಳುತ್ತದೆ

ಈಗ ಪೆನ್ನು ಹಿಡಿಯಿರಿ. ಖರ್ಚನ್ನು ಉಳಿದಿರುವ ತಿಂಗಳುಗಳಿಂದ ಭಾಗಿಸಬೇಕು, ಇಷ್ಟೇ. ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮಗೆ ಹೇಳಿದ ಬೆಲೆಯನ್ನು ಅಲ್ಲಿ ಬರೆಯಿರಿ.

ಬ್ಯಾಟರಿ 1,300, ಪೋರ್ಟು 400, ಒಟ್ಟು 1,700 ರೂಪಾಯಿ. ಅಪ್‌ಡೇಟ್ ಇನ್ನೂ 16 ತಿಂಗಳು ಇದೆ. ತಿಂಗಳಿಗೆ 106 ರೂಪಾಯಿ. ಹೊಸ ಫೋನ್ 14,000, ಕವರ್ ಮತ್ತು ಗ್ಲಾಸಿಗೆ 500, ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 302. ರಿಪೇರಿ ಗೆದ್ದಿತು.

ಇನ್ನೊಂದು ಫೋನು: ಪರದೆ 3,800, ಬ್ಯಾಟರಿ 1,300. ಅಪ್‌ಡೇಟ್ ಉಳಿದಿರುವುದು 8 ತಿಂಗಳು. ತಿಂಗಳಿಗೆ 637. ಇಲ್ಲಿ ರಿಪೇರಿಯೇ ದುಬಾರಿ. ಪರದೆ ಮತ್ತು ಬ್ಯಾಟರಿ ಎರಡೂ ಒಟ್ಟಿಗೆ ಹೋದ ಫೋನಿಗೆ ನಾನು ಸಾಮಾನ್ಯವಾಗಿ ಕೈ ಮುಗಿಯುತ್ತೇನೆ, ನನ್ನ ವ್ಯಾಪಾರ ಹೋದರೂ ಸರಿ.

ಮೂರನೆಯದು ಜನ ಲೆಕ್ಕವೇ ಹಾಕದ್ದು. ಸೆಕೆಂಡ್ ಹ್ಯಾಂಡ್ ಫೋನು 7,500ಕ್ಕೆ ಸಿಗುತ್ತಿದೆ, ಅಪ್‌ಡೇಟ್ 18 ತಿಂಗಳು ಇದೆ. ತಿಂಗಳಿಗೆ 417! ಅರ್ಧ ಬೆಲೆಗೆ ಸಿಕ್ಕಿತೆಂದು ತಂದದ್ದು ಹೊಸದಕ್ಕಿಂತ ದುಬಾರಿ ಬಿತ್ತು.

ಆದರೆ ಇಲ್ಲೊಂದು ಕೊಕ್ಕೆ ಇದೆ. ಹೊಸ ಫೋನನ್ನು 48 ತಿಂಗಳಿಂದ ಭಾಗಿಸಿದೆ. ನಿಮ್ಮ ಕೈಯಲ್ಲಿ ಹಿಂದಿನ ಮೂರು ಫೋನು ಎಷ್ಟೆಷ್ಟು ದಿನ ಬಾಳಿದವು? ಎರಡೇ ವರ್ಷಕ್ಕೆ ಬಾವಿಕಟ್ಟೆಯಲ್ಲೋ ಗಿರಣಿಯಲ್ಲೋ ಬಿದ್ದು ಒಡೆಯುವುದಾದರೆ 24ರಿಂದಲೇ ಭಾಗಿಸಿ. ಅದೇ 14,500 ಆಗ ತಿಂಗಳಿಗೆ 604 ಆಗುತ್ತದೆ. ಅಂಥವರು ಕಡಿಮೆ ಬೆಲೆಯ ಫೋನು, ದಪ್ಪ ಕವರು ನೋಡಬೇಕು.

ಅಪ್‌ಡೇಟ್ ಆಗಲೇ ನಿಂತಿರುವ ಫೋನಿಗೆ ಭಾಗಿಸಲು ತಿಂಗಳೇ ಇಲ್ಲ. ಇನ್ನು ಸ್ವಲ್ಪ ದಿನ ಅದರಲ್ಲೇ ತಳ್ಳಬೇಕೆಂದರೆ ಯುಪಿಐಯಿಂದ ಉಳಿತಾಯದ ದೊಡ್ಡ ಖಾತೆಯನ್ನು ಬಿಡಿಸಿ, ಕೈಖರ್ಚಿನಷ್ಟೇ ಇಡುವ ಬೇರೆ ಖಾತೆ ಜೋಡಿಸಿ. ಕಬ್ಬಿನ ಬಿಲ್ಲು ಬೀಳುವ ಖಾತೆ ಆ ಫೋನಿನಲ್ಲಿ ಇರಲೇಬಾರದು.

ಹಂತ 7: ರಿಪೇರಿಗೆ ಕೊಡುವಾಗ

ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಂಡು ಕೊಡಿ. ಪಿನ್ ನಂಬರ್ ಬರೆದು ಕೊಡಬೇಡಿ. ಬ್ಯಾಟರಿ ಹಾಕಲು ನಮಗದು ಬೇಕಾಗಿಲ್ಲ. ಸ್ಯಾಮ್‌ಸಂಗ್‌ನ ಹೊಸ ಮಾಡೆಲುಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ, ಹಾಕಿದರೆ ನಿಮ್ಮ ಫೋಟೋ, ಮೆಸೇಜು ಕಾಣುವುದಿಲ್ಲ. ತೆಗೆದ ಹಳೇ ಭಾಗ ತೋರಿಸಿ ಎಂದು ಮೊದಲೇ ಹೇಳಿ. ಬಿಲ್ಲು ಮತ್ತು ಎಷ್ಟು ತಿಂಗಳ ಗ್ಯಾರಂಟಿ ಎಂಬುದು ಬರವಣಿಗೆಯಲ್ಲಿರಲಿ.

ಪರದೆ ಬದಲಿಸುವುದಾದರೆ ‘ಕಾಪಿ’ಯೋ ಕಂಪನಿಯದೋ ಕೇಳಿ. ಕಾಪಿ ಪರದೆ ಬಿಸಿಲಿನಲ್ಲಿ ಮಂಕು, ಮತ್ತು ಪರದೆಯೊಳಗೇ ಬೆರಳಚ್ಚು ಇರುವ ಫೋನಿಗೆ ಅಗ್ಗದ ಎಲ್‌ಸಿಡಿ ಹಾಕಿದರೆ ಬೆರಳಚ್ಚು ಕೆಲಸ ಮಾಡುವುದಿಲ್ಲ. ನೀರು ತಡೆಯುವ ಫೋನನ್ನು ಒಮ್ಮೆ ಬಿಚ್ಚಿದ ಮೇಲೆ ಅದನ್ನು ನೀರಿಗೆ ನಂಬಬೇಡಿ.

ಹಂತ 8: ಹೊಸದೇ ಬೇಕೆಂದು ತೀರ್ಮಾನವಾದರೆ

ಮೊದಲು ಅಪ್‌ಡೇಟ್ ವರ್ಷ ಕೇಳಿ, ಆಮೇಲೆ ಕ್ಯಾಮೆರಾ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಮಾತು ಕೊಟ್ಟಿದ್ದಾರೆ. ಅವು ನಮ್ಮ ಬಜೆಟ್ಟಿನವಲ್ಲ, ಆದರೆ 2024ರ ಕೊನೆಯಲ್ಲಿ ಬಂದ ಗ್ಯಾಲಕ್ಸಿ ಎ16 5ಜಿ ಎಂಬ ಕಡಿಮೆ ಬೆಲೆಯ ಫೋನಿಗೂ 6 ವರ್ಷ ಹೇಳಿದ್ದಾರೆ. ಎರಡೇ ವರ್ಷ ಕೊಡುವ ಫೋನುಗಳೂ ಅದೇ ಬೆಲೆಗೆ ಪಕ್ಕದಲ್ಲೇ ಇರುತ್ತವೆ.

ಗಮನ: ಈ ವರ್ಷಗಳು ಮಾಡೆಲ್ ಬಿಡುಗಡೆಯಾದ ದಿನದಿಂದ ಶುರು, ನೀವು ಕೊಂಡ ದಿನದಿಂದ ಅಲ್ಲ. ದೀಪಾವಳಿ ಆಫರಿನಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಎರಡು ವರ್ಷದ ಹಿಂದಿನ ಮಾಡೆಲ್. ನಾಲ್ಕು ವರ್ಷದ ಅಪ್‌ಡೇಟ್ ಇದ್ದರೆ ಅದರಲ್ಲಿ ಎರಡು ಡಬ್ಬಿಯೊಳಗೇ ಕಳೆದಿರುತ್ತವೆ. ಹಂತ 6ರ ಲೆಕ್ಕವನ್ನು ಅದಕ್ಕೂ ಹಾಕಿ.

ರ‍್ಯಾಮ್ 6 ಜಿಬಿ, ಸ್ಟೋರೇಜ್ 128 ಜಿಬಿಗಿಂತ ಕೆಳಗೆ ಇಳಿಯಬೇಡಿ. ‘8+8 ಜಿಬಿ’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಿಜವಾದ ರ‍್ಯಾಮ್ ಮೊದಲ 8 ಮಾತ್ರ; ಎರಡನೆಯದು ಸ್ಟೋರೇಜಿನಿಂದ ಸಾಲ ತಂದದ್ದು. 5ಜಿ ಬೇಕೆಂದರೆ ಎನ್28, ಎನ್78 ಎಂಬ ಬ್ಯಾಂಡ್ (ಸಿಗ್ನಲ್ ಬರುವ ದಾರಿ) ಎರಡೂ ಇವೆಯಾ ನೋಡಿ. ಜಿಯೋ 5ಜಿ ಮುಖ್ಯವಾಗಿ ಇವೆರಡರ ಮೇಲೆ ನಡೆಯುತ್ತದೆ. ನಿಮ್ಮ ಊರಿಗೆ 5ಜಿ ಬಂದೇ ಇಲ್ಲವಾದರೆ ಅದೊಂದಕ್ಕೇ ಹೆಚ್ಚು ಕೊಡುವ ಅವಸರವಿಲ್ಲ. ಡಬ್ಬಿಯಲ್ಲಿ ಚಾರ್ಜರ್ ಇದೆಯಾ ಕೇಳಿ. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿದೆಯೋ, ಬೆಳಗಾವಿಗೋ ಹುಬ್ಬಳ್ಳಿಗೋ ಓಡಾಡಬೇಕೋ ಅದನ್ನೂ ಕೇಳಿ.

ಸೊಲ್ಲಾಪುರ, ಕೊಲ್ಹಾಪುರಕ್ಕೆ ಹೋದರೆ ಐನೂರು ಕಡಿಮೆಗೆ ಸಿಗುತ್ತದೆ ಅನ್ನುವವರಿದ್ದಾರೆ. ಬಿಲ್ಲು ಬೇಡವೆಂದರೆ ಇನ್ನೂ ಕಡಿಮೆ ಅನ್ನುವವರೂ. ಫೋನಿನ ಮೇಲೆ ಶೇ. 18 ಜಿಎಸ್‌ಟಿ ಇದೆ, ಅದನ್ನು ತಪ್ಪಿಸುವ ಆಸೆ ಅರ್ಥವಾಗುತ್ತದೆ. ಆದರೆ ಬಿಲ್ಲಿಲ್ಲದ ಫೋನಿಗೆ ವಾರಂಟಿ ಕೇಳಲು ಹೋದಾಗ ನೀವು ಯಾರೋ, ಅದು ಯಾರದೋ. ಬಿಲ್ಲಿದ್ದರೆ ತಕರಾರಿಗೆ ಗ್ರಾಹಕರ ಸಹಾಯವಾಣಿ 1915 ಇದೆ.

ಸೆಕೆಂಡ್ ಹ್ಯಾಂಡೇ ಆಗಬೇಕೆಂದರೆ, ದುಡ್ಡು ಕೊಡುವ ಮುಂಚೆ ಡಯಲರಿನಲ್ಲಿ *#06# ಒತ್ತಿ. ಬರುವ 15 ಅಂಕಿಯ ಐಎಂಇಐ (ಆ ಫೋನಿನ ಗುರುತಿನ) ನಂಬರನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ಕೆ, ವೈ, ಎಂ ಎಂದು ಬರೆದು ಒಂದು ಜಾಗ ಬಿಟ್ಟು ಸೇರಿಸಿ, 14422ಕ್ಕೆ ಮೆಸೇಜ್ ಕಳಿಸಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ಇದೇ ತಪಾಸಣೆ ಇದೆ. ಬ್ಲ್ಯಾಕ್‌ಲಿಸ್ಟ್ (ಕಳವು ಮುಂತಾದ ಕಾರಣಕ್ಕೆ ತಡೆಹಿಡಿದದ್ದು) ಎಂದು ಬಂದರೆ ಎದ್ದು ಬನ್ನಿ. ಮಾರುವವರು ನಿಮ್ಮ ಕಣ್ಣೆದುರೇ ತಮ್ಮ ಗೂಗಲ್ ಖಾತೆ ತೆಗೆದು ರೀಸೆಟ್ ಮಾಡಬೇಕು, ನೀವು ನಿಮ್ಮ ಖಾತೆ ಹಾಕಿ ಒಳಗೆ ಹೋಗಬೇಕು. ಕಂತು ಬಾಕಿ ಇದೆಯಾ ಎಂದೂ ಕೇಳಿ: ಸಾಲ ಕೊಟ್ಟವರು ಹಾಕಿದ ಲಾಕ್ ಆ್ಯಪ್ ಇದ್ದರೆ ಮಾರಿದವರು ಕಂತು ತಪ್ಪಿಸಿದ ದಿನ ನಿಮ್ಮ ಕೈಯಲ್ಲಿರುವ ಫೋನು ಬಂದ್ ಆಗುತ್ತದೆ.

ಹಂತ 9: ಬದಲಿಸುವ ದಿನ

ದಿನ ನೋಡಿ ಬದಲಿಸಿ. ಯುಪಿಐಯನ್ನು ಹೊಸ ಫೋನಿನಲ್ಲಿ ಹಾಕಿಕೊಂಡ ಮೊದಲ 24 ಗಂಟೆ 5,000 ರೂಪಾಯಿ ಮಾತ್ರ ಕಳಿಸಲು ಬಿಡುತ್ತದೆ. ಐಫೋನಿಗೆ ಈ ಕಾಯುವಿಕೆ 72 ಗಂಟೆ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಹಿಡಿಯಬೇಕೆಂದವರೊಬ್ಬರು ಹಿಂದಿನ ಸಂಜೆ ಹೊಸ ಫೋನ್ ತಗೊಂಡು, ಎತ್ತಿನ ಹಗ್ಗ ಹಿಡಿದು ನಿಂತು ದುಡ್ಡು ಹೋಗದೆ ನನಗೆ ಫೋನ್ ಮಾಡಿದ್ದರು. ನಾನೇನು ಮಾಡಲಿ, ಬಳಗದವರ ಹತ್ತಿರ ಕೈಗಡ ತಗೊಳ್ಳಿ ಅಂದೆ.

ಕ್ರಮ: ಹೊಸ ಫೋನಿಗೆ ಗೂಗಲ್ ಖಾತೆ ಹಾಕಿ. ವಾಟ್ಸಾಪ್‌ನಲ್ಲಿ ‘ಟ್ರಾನ್ಸ್‌ಫರ್ ಚಾಟ್ಸ್’ ಬಳಸಿದರೆ ಕ್ಯೂಆರ್ ಕೋಡ್ ತೋರಿಸಿ ಎರಡು ಫೋನುಗಳ ನಡುವೆ ನೇರವಾಗಿ ಕಳಿಸಬಹುದು, 15 ಜಿಬಿ ಗೊಡವೆ ಇಲ್ಲ. ಆಮೇಲೆ ಸಿಮ್ ಸರಿಸಿ. ಯುಪಿಐ, ಬ್ಯಾಂಕ್ ಆ್ಯಪ್‌ಗಳು ಕೊನೆಗೆ, ಯಾಕೆಂದರೆ ಅವು ಆ ಸಿಮ್ಮಿನಿಂದಲೇ ಮೆಸೇಜ್ ಕಳಿಸಿ ಗುರುತು ಹಿಡಿಯುತ್ತವೆ. ಮೆಸೇಜ್ ಹೋಗುವಷ್ಟು ಬ್ಯಾಲೆನ್ಸ್ ಇರಲಿ.

ಹಳೆಯದನ್ನು ಎಂಟು ದಿನ ರೀಸೆಟ್ ಮಾಡದೆ ಇಡಿ. ಏನೋ ಒಂದು ಮರೆತದ್ದು ನಾಲ್ಕನೇ ದಿನಕ್ಕೆ ನೆನಪಾಗುತ್ತದೆ: ರೆಕಾರ್ಡಿಂಗ್, ಸ್ಕ್ಯಾನ್ ಮಾಡಿಟ್ಟ ಉತಾರ (ಪಹಣಿ), ತೀರಿಕೊಂಡ ಅವ್ವನ ವಾಯ್ಸ್ ಮೆಸೇಜ್. ಎಂಟು ದಿನದ ಮೇಲೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್. ಮಕ್ಕಳ ಕೈಗೆ ಕೊಡುವುದಾದರೆ ನಿಮ್ಮ ಖಾತೆ, ಬ್ಯಾಂಕ್ ಆ್ಯಪ್ ಒಂದೂ ಉಳಿದಿರಬಾರದು, ಬ್ಯಾಟರಿ ಉಬ್ಬಿರಬಾರದು. ಉಬ್ಬಿದ ಬ್ಯಾಟರಿಯನ್ನು ಕಸದ ಗಾಡಿಗೆ ಎಸೆಯಬೇಡಿ, ಗಾಡಿಯೊಳಗೆ ಜಜ್ಜಿದರೆ ಹತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ.